ತೆಳು ಗಾಳಿಗೆ ಜೋಡಿ ಟರ್ಬೊ

ಅಂಗೈಯಗಲದ ಚಕ್ರವೊಂದನ್ನು ಎಡಗೈಯಲ್ಲಿ ಹಿಡಿದು, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಅದರ ರೆಕ್ಕೆಗಳನ್ನು ಒಂದೊಂದಾಗಿ ತಿಕ್ಕುತ್ತಾರೆ. ಬ್ರಷ್ಷನ್ನು ಸೀಮೆಎಣ್ಣೆಯ ಡಬ್ಬಿಗೆ ಅದ್ದುತ್ತಾರೆ, ಮತ್ತೆ ತಿಕ್ಕುತ್ತಾರೆ. ಬೆಳಕು ಇನ್ನೂ ತಗಡಿನ ಸಂದಿಯಲ್ಲೇ ಇದೆ. ಶೆಡ್ಡಿನ ಹಿಂದಿನ ಮನೆಯಲ್ಲಿ ಯಾರೂ ಎದ್ದಿಲ್ಲ. ಅದಕ್ಕೇ ಸ್ಪ್ಯಾನರನ್ನು ನೆಲಕ್ಕೆ ತಾಗಿಸದೆ ಚಿಂದಿಬಟ್ಟೆಯ ಮೇಲೆ ಇಡುತ್ತಾರೆ. ಕೊನೆಗೆ ಚಕ್ರವನ್ನು ಅದರ ಗೂಡಿನಲ್ಲಿ ಕೂರಿಸಿ, ಬೆರಳ ತುದಿಯಿಂದ ಒಮ್ಮೆ ತಿರುಗಿಸಿ, ಅದು ತಾನಾಗಿ ನಿಲ್ಲುವವರೆಗೂ ಕಿವಿಗೊಟ್ಟು ಕೂರುತ್ತಾರೆ.

ಬೆಟ್ಟದ ರಸ್ತೆ ಏರತೊಡಗುವಲ್ಲೇ ಇರುವ ಈ ಶೆಡ್ಡಿನ ಒಡತಿಯನ್ನು ಲಾರಿ ಚಾಲಕರು ‘ಗಾಳಿಯಕ್ಕ’ ಎನ್ನುತ್ತಾರೆ. ಗಾಡಿ ತಂದು ನಿಲ್ಲಿಸಿದವರನ್ನು ಇವರು ಮೊದಲು ಕೇಳುವ ಮಾತು, ‘ಮೇಲೆ ಹೋದಾಗ ಗಾಳಿ ಸಾಲ್ತಾ?’ ಎಂಬುದು. ರಸ್ತೆ ಹೋಗಿ ಮುಟ್ಟುವ ಬೆಟ್ಟದ ನೆತ್ತಿಯಲ್ಲಿ ಚಪ್ಪಲಿಯ ಪಟ್ಟಿ ಬಿಗಿಯಲು ಬಗ್ಗಿದರೂ ಏದುಸಿರು ಬರುತ್ತದೆ. ಡೀಸೆಲ್ ಇಂಜಿನ್ನಿಗೂ ಅದೇ ಪಾಡು. ಇಂಜಿನ್ನಿನ ಹೊಗೆಯಿಂದಲೇ ಚಕ್ರ ತಿರುಗಿಸಿಕೊಂಡು, ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿಗೆ ಉಣಿಸುವ ಟರ್ಬೊ ಸರಿಯಿದ್ದರೆ ಗಾಡಿ ಹೊರೆ ಎಳೆಯುತ್ತದೆ, ಇಲ್ಲದಿದ್ದರೆ ಕಪ್ಪು ಹೊಗೆ ಕಾರುತ್ತಾ ನಡುದಾರಿಯಲ್ಲಿ ಕೂರುತ್ತದೆ. ಯಾವ ಗಾಡಿಗೆ ಯಾವ ಟರ್ಬೊ ಎಂದು ಆರಿಸಿ ಕೂರಿಸುವುದೇ ಇವರ ಕಸುಬು.

ಇವತ್ತು ಕೂರಿಸುತ್ತಿರುವುದು ಒಡೆಯನನ್ನು ಕೇಳದೆ ಕೈ ಹಾಕಿದ ಗಾಡಿಗೆ. ಅದು ಇವರ ಸ್ವಂತ ಅಕ್ಕನ ಗಂಡನದು. ಕೆಟ್ಟು ನಿಂತ ಲಾರಿಗಳನ್ನು ನೆತ್ತಿಗೆ ಎಳೆದೊಯ್ಯಲು ಈ ರಸ್ತೆಗೆ ಇರುವುದು ಅದೊಂದೇ. ಭಾವ ಪೇಟೆಯಲ್ಲಿ ದೊಡ್ಡ ಟರ್ಬೊ ಕೊಂಡು, ಅಲ್ಲಿಯ ಗ್ಯಾರೇಜಿನಲ್ಲೇ ಹಾಕಿಸಿಕೊಂಡು ಬಂದಿದ್ದರು. ಬಯಲಿನ ಹೆದ್ದಾರಿಯಲ್ಲಿ ಗಾಡಿ ಆನೆಯ ಹಾಗೆ ಎಳೆಯಿತು. ಬೆಟ್ಟದಲ್ಲಿ ಎಳೆಯಲಿಲ್ಲ. ಕಳೆದ ತಿಂಗಳು ಹಾಲಿನ ಟ್ಯಾಂಕರನ್ನು ಕೊಂಡಿಗೆ ಸಿಕ್ಕಿಸಿಕೊಂಡು ಹೋಗುವಾಗ, ನೆತ್ತಿ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ, ಅದರ ಉಸಿರು ಕಟ್ಟಿತು. ಎರಡೂ ಗಾಡಿಗಳು ಹಿಂದಕ್ಕೆ ಜಾರತೊಡಗಿದವು. ಟ್ಯಾಂಕರಿನ ಚಾಲಕ ಕೆಳಗೆ ಹಾರಿ ಚಕ್ರಕ್ಕೆ ಕಲ್ಲು ಕೊಡದಿದ್ದರೆ ಕಣಿವೆಯೇ ಗತಿಯಾಗುತ್ತಿತ್ತು. ಭಾವ ಮನೆಯಲ್ಲಿ ಇದರ ಸೊಲ್ಲೆತ್ತಲಿಲ್ಲ. ಆ ಚಾಲಕನೇ ಶೆಡ್ಡಿಗೆ ಬಂದು ಹೇಳಿ ಹೋದ.

ಕೇಳಿದ್ದಕ್ಕೆ ಭಾವ ಕೊಟ್ಟ ಉತ್ತರ ಚಿಕ್ಕದು. ಇನ್ನೂ ದೊಡ್ಡದು ಹಾಕಿಸುತ್ತೇನೆ, ಇನ್ನು ಮೇಲೆ ಗಾಡಿ ಪೇಟೆಯ ಗ್ಯಾರೇಜಿಗೇ ಹೋಗುತ್ತದೆ.

‘ಮನೆ ಗಾಡಿನೇ ನನ್ನ ಬಾಗಿಲು ದಾಟಿ ಹೋದ್ರೆ ಬೇರೆಯವರ ಗಾಡಿ ಇಲ್ಲಿ ಯಾಕೆ ನಿಲ್ಲುತ್ತೆ? ಶೆಡ್ ಮುಚ್ಚಬೇಕು ಅಷ್ಟೆ,’ ಎನ್ನುತ್ತಾರೆ ಗಾಳಿಯಕ್ಕ. ‘ಅದಾದ್ರೂ ಹೋಗಲಿ. ಇನ್ನೊಂದ್ಸಲ ಜಾರಿದ್ರೆ ನಮ್ಮಕ್ಕನಿಗೆ ಗಂಡ ಇರಲ್ಲ.’

ಭಾವ ನೆಂಟರ ಮನೆಗೆಂದು ಊರು ಬಿಟ್ಟಿದ್ದೇ ತಡ, ಇವರು ಗಾಡಿಯನ್ನು ಶೆಡ್ಡಿನೊಳಗೆ ತಂದರು. ನಿನ್ನೆ ತಡರಾತ್ರಿ ಮರಳಿದ ಭಾವ ಹಿಂದಿನ ಮನೆಯಲ್ಲಿ ಮಲಗಿದ್ದಾರೆ. ಅವರು ಏಳುವ ಮೊದಲು ಕೆಲಸ ಮುಗಿಯಬೇಕು.

ಓದುವ ವಯಸ್ಸಿನಲ್ಲೇ ಇವರು ಶೆಡ್ಡಿಗೆ ಬಂದರು. ಅಪ್ಪನ ಕೈ ನಡುಗತೊಡಗಿತ್ತು. ಅಪ್ಪ ಬಾಯಲ್ಲಿ ಹೇಳುವುದು, ಮಗಳು ಕೈಯಲ್ಲಿ ಮಾಡುವುದು. ಅಪ್ಪ ತೀರಿಹೋದ ಮೇಲೆ ಬಂದವರೆಲ್ಲ, ಗಾಡಿಯ ಅಡಿಯಲ್ಲಿ ಮಲಗಿದ್ದ ಇವರನ್ನೇ ಬಗ್ಗಿ ನೋಡಿ, ಮೆಕ್ಯಾನಿಕ್ ಎಲ್ಲಿ ಎಂದು ಕೇಳುತ್ತಿದ್ದರಂತೆ. ಹೊರಗೆ ಹೋಗಿದ್ದಾರೆ, ಗಾಡಿ ಬಿಟ್ಟು ಹೋಗಿ ಎಂದು ಹೇಳಿ, ಸಂಜೆಯೊಳಗೆ ತಾವೇ ಮುಗಿಸಿ ಇಡುತ್ತಿದ್ದರು. ‘ಆ ಹೊರಗೆ ಹೋದ ಮೆಕ್ಯಾನಿಕ್ಕಿಗೆ ತುಂಬಾ ಒಳ್ಳೆ ಹೆಸರಿತ್ತು,’ ಎಂದು ಈಗ ನಗುತ್ತಾರೆ.

ಕೆಲಸ ಕೆಟ್ಟದ್ದೂ ಇದೆ, ಅದನ್ನು ಅವರು ಮುಚ್ಚಿಡುವುದಿಲ್ಲ. ಚಿಕ್ಕ ಚಕ್ರ ಬೇಗ ತಿರುಗುತ್ತದೆ ಎಂದು ಒಮ್ಮೆ ಸಣ್ಣ ಟರ್ಬೊ ಒಂದನ್ನೇ ನಂಬಿ ಲಾರಿಯನ್ನು ಮೇಲಕ್ಕೆ ಕಳಿಸಿದರು. ನೆತ್ತಿಯ ಹತ್ತಿರ ಆ ಟರ್ಬೊ ಪುಡಿಯಾಯಿತು.

‘ದೊಡ್ಡ ಚಕ್ರ ತಿರುಗಬೇಕು ಅಂದ್ರೆ ಇಂಜಿನ್ನಿಂದ ಹೊಗೆ ಜೋರಾಗಿ ಬರಬೇಕು. ಹೊರೆ ಕಟ್ಕೊಂಡು ಆಮೆ ಹಾಗೆ ಹತ್ತೋವಾಗ ಅಷ್ಟು ಹೊಗೆ ಎಲ್ಲಿಂದ ಬರುತ್ತೆ? ಸಣ್ಣದು ಬೇಗ ತಿರುಗುತ್ತೆ, ಆದ್ರೆ ಮೇಲಿನ ತೆಳು ಗಾಳೀನ ಒಟ್ಟು ಮಾಡೋಕೆ ಹುಚ್ಚು ಹಿಡಿದ ಹಾಗೆ ತಿರುಗಿ ತಿರುಗಿ ಸಾಯುತ್ತೆ. ಎರಡನ್ನೂ ಜೋಡಿಸಿದ್ರೆ, ದೊಡ್ಡದು ಅರ್ಧ ಒತ್ತಿ ಕೊಡುತ್ತೆ, ಉಳಿದಿದ್ದನ್ನ ಸಣ್ಣದು ಒತ್ತುತ್ತೆ. ಮೂಟೆಗೆ ಇಬ್ಬರು ಕೈ ಹಾಕಿದ ಹಾಗೆ.’

ಆದ್ದರಿಂದ ಭಾವನ ದೊಡ್ಡ ಟರ್ಬೊವನ್ನು ಇವರು ಗುಜರಿಗೆ ಎಸೆದಿಲ್ಲ. ಅದನ್ನು ಸ್ವಲ್ಪ ಆಚೆ ಸರಿಸಿ, ಇಂಜಿನ್ನಿನ ಮಗ್ಗುಲಿಗೆ ಹಳೆಯ ಲಾರಿಯೊಂದರ ಸಣ್ಣದನ್ನು ಕೂರಿಸುತ್ತಿದ್ದಾರೆ. ಕೊನೆಯ ಬೋಲ್ಟು ಬಿಗಿದು ಬೆನ್ನು ನೆಟ್ಟಗೆ ಮಾಡುವಾಗ ಭಾವ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ.

‘ಯಾರನ್ನ ಕೇಳಿ ಬಿಚ್ಚಿದೆ?’

‘ಗಾಡೀನ ಕೇಳಿದೆ.’

‘ಏನಂತು?’

‘ಉಸಿರಾಡೋಕೆ ಆಗ್ತಿಲ್ಲ ಅಂತು.’

ಭಾವನಿಗೆ ನಗು ಬರುವುದಿಲ್ಲ. ನಾನು ಈ ಬೆಟ್ಟ ಹತ್ತತೊಡಗಿದಾಗ ನೀನು ಮೂಗು ಸುರಿಸಿಕೊಂಡು ಟೈರು ಉರುಳಿಸುತ್ತಿದ್ದೆ ಎನ್ನುತ್ತಾರೆ. ಆ ಟೈರೂ ನಿಮ್ಮ ಗಾಡಿಯದೇ, ಪಂಕ್ಚರ್ ಹಾಕಿದ್ದೂ ನಾನೇ ಎಂದು ಇವರು ತಿರುಗಿಸಿ ಕೊಡುತ್ತಾರೆ. ಮಾತು ಏರುವುದು ಕೇಳಿ ಅಕ್ಕ ಟೀ ಲೋಟಗಳನ್ನು ಹಿಡಿದು ಬರುತ್ತಾರೆ. ಗಂಡ, ತಂಗಿ ಇಬ್ಬರ ಕಡೆಯೂ ನೋಡದೆ ಗೋಡೆಗೆ ಹೇಳುವ ಹಾಗೆ ಹೇಳುತ್ತಾರೆ: ‘ಅಂಗಿ ತಗೊಂಡ್ರೂ ಎರಡು ಸೈಜ್ ದೊಡ್ಡದೇ ತಗೋತಾರೆ. ತೋಳು ಮಡಚಿ ಹೊಲಿಯೋಳು ನಾನು.’

ಸಣ್ಣದನ್ನು ಈಗಲೇ ಬಿಚ್ಚು ಎಂದು ಭಾವ ಹಟ ಹಿಡಿಯುತ್ತಾರೆ. ಗಾಳಿಯಕ್ಕ ಸ್ಪ್ಯಾನರಿನ ಹಿಡಿಯನ್ನು ಬಟ್ಟೆಯಲ್ಲಿ ಒರೆಸಿ ಅವರ ಮುಂದೆ ಚಾಚುತ್ತಾರೆ.

‘ನೀವೇ ಬಿಚ್ಚಿ, ಭಾವ. ನಾನು ಬಿಚ್ಚಲ್ಲ.’

ಭಾವ ಸ್ಪ್ಯಾನರ್ ಈಸಿಕೊಳ್ಳುತ್ತಾರೆ. ಆಗಲೇ ಅವರ ಫೋನ್ ಬಡಿದುಕೊಳ್ಳುತ್ತದೆ. ಕಬ್ಬಿಣದ ಸರಳು ತುಂಬಿದ ಲಾರಿಯೊಂದು ನೆತ್ತಿಗಿಂತ ಸ್ವಲ್ಪ ಕೆಳಗಿನ ತಿರುವಿನಲ್ಲಿ ಕೆಟ್ಟು ನಿಂತಿದೆ, ಹಿಂದೆ ಜನ ತುಂಬಿದ ಬಸ್ಸು ಸಿಕ್ಕಿಕೊಂಡಿದೆ, ಕೂಡಲೇ ಬರಬೇಕು. ಭಾವ ಕೈಯಲ್ಲಿರುವ ಸ್ಪ್ಯಾನರನ್ನು ನೋಡುತ್ತಾರೆ, ರಸ್ತೆಯನ್ನು ನೋಡುತ್ತಾರೆ. ಬಿಚ್ಚಿ ಮತ್ತೆ ಜೋಡಿಸಲು ಅರ್ಧ ದಿನ ಬೇಕು. ಸ್ಪ್ಯಾನರನ್ನು ಮೇಜಿನ ಮೇಲೆ ಕುಕ್ಕಿ ಗಾಡಿ ಹತ್ತುತ್ತಾರೆ.

‘ಬಂದ ಮೇಲೆ ನೋಡ್ಕೋತೀನಿ ನಿನ್ನ.’

‘ನೋಡ್ಕೊಳ್ಳೋಕಾದ್ರೂ ಬನ್ನಿ. ಅಷ್ಟು ಸಾಕು.’

ಗಾಡಿ ಹೋದ ಮೇಲೂ ಸದ್ದು ಬಹಳ ಹೊತ್ತು ಕೇಳುತ್ತದೆ. ಬೆಟ್ಟದ ತಿರುವಿಗೆ ಮರೆಯಾಗಿ ಅಡಗುತ್ತದೆ, ಮುಂದಿನ ತಿರುವಿನಲ್ಲಿ ಮತ್ತೆ ಮೇಲಿನಿಂದ ಇಳಿದು ಬರುತ್ತದೆ. ಗಾಳಿಯಕ್ಕ ಬೇರೊಂದು ಲಾರಿಯ ಪೈಪು ಬಿಚ್ಚುತ್ತಿದ್ದಾರೆ. ಸದ್ದು ಕೇಳಿದಾಗಲೆಲ್ಲ ಕೈ ನಿಲ್ಲುತ್ತದೆ. ಟರ್ಬೊದ ಶಿಳ್ಳೆ ಒಂದಲ್ಲ, ಎರಡಿದೆ, ಒಂದು ಸಣ್ಣ ದನಿ, ಒಂದು ದಪ್ಪ ದನಿ ಎಂದು ಯಾರಿಗೋ ಎನ್ನುವಂತೆ ಹೇಳುತ್ತಾರೆ. ಅಕ್ಕ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಾರೆ. ಆಮೇಲೆ ಸದ್ದೂ ಇಲ್ಲ. ಗಾಡಿ ರಿಪೇರಿಗೆ ಬಂದು ಬೆಂಚಿನ ಮೇಲೆ ಕೂತಿರುವ ಚಾಲಕರು ಹರಟೆ ಬಿಟ್ಟು ಬೆಟ್ಟದ ಕಡೆಗೇ ನೋಡುತ್ತಿದ್ದಾರೆ. ಜಾರಿದರೆ ಯಾರ ಕಡೆ ಬೆರಳು ತಿರುಗುತ್ತದೆ ಎಂಬುದು ಅವರಿಗೂ ಗೊತ್ತು.

ಮಧ್ಯಾಹ್ನ ಅಕ್ಕನಿಗೆ ಭಾವನ ಫೋನ್ ಬರುತ್ತದೆ. ಲಾರಿಯನ್ನು ನೆತ್ತಿಗೆ ಮುಟ್ಟಿಸಿದ್ದಾಗಿದೆ, ಬಸ್ಸೂ ಹೋಯಿತು, ಊಟ ತೆಗೆದಿಡು. ಅಕ್ಕ ಪೊರಕೆ ಇಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋಗುತ್ತಾರೆ.

ಭಾವ ಮರಳಿದವರು ಇಂಜಿನ್ ತಕ್ಷಣ ಆರಿಸುವುದಿಲ್ಲ. ಕಾದ ಟರ್ಬೊ ತಣಿಯಲೆಂದು ಓಡಲು ಬಿಟ್ಟು ಸ್ಟೇರಿಂಗ್ ಹಿಂದೆ ಕೂತೇ ಇದ್ದಾರೆ. ಅದನ್ನು ಹೀಗೆ ತಣಿಸಬೇಕೆಂದು ಗಾಳಿಯಕ್ಕ ಇಲ್ಲಿಗೆ ಬರುವ ಎಲ್ಲರಿಗೂ ಹೇಳುತ್ತಾರೆ, ಭಾವ ಈವರೆಗೆ ಕೇಳಿರಲಿಲ್ಲ. ಇಂಜಿನ್ ನಿಂತ ಮೇಲೆ ಇವರು ಹಿಂದೆ ಹೋಗಿ ಹೊಗೆಕೊಳವೆಯ ಬಾಯೊಳಗೆ ಬಟ್ಟೆ ಸುತ್ತಿದ ಬೆರಳು ಆಡಿಸುತ್ತಾರೆ. ಬಟ್ಟೆಗೆ ಹತ್ತಿದ್ದು ತೆಳು ಬೂದಿ ಬಣ್ಣ. ಕಪ್ಪು ಮಸಿ ಇಲ್ಲ.

ಭಾವ ಇಳಿದು ಕೈಕಾಲು ತೊಳೆಯುತ್ತಾರೆ. ಬಿಚ್ಚುವ ಮಾತು ಬರುವುದಿಲ್ಲ. ಚಾಲಕರು ಸರಿದು ಬೆಂಚಿನಲ್ಲಿ ಜಾಗ ಮಾಡಿಕೊಡುತ್ತಾರೆ. ಕೂರುವಷ್ಟರಲ್ಲಿ ಅವರ ಗೆಳೆಯನೊಬ್ಬನ ಫೋನ್ ಬರುತ್ತದೆ, ಸುದ್ದಿ ಆಗಲೇ ಬೆಟ್ಟ ಇಳಿದಿದೆ. ಭಾವನ ದನಿ ಇಡೀ ಶೆಡ್ಡಿಗೆ ಕೇಳುತ್ತದೆ.

‘ನಾನು ಹೇಳಿರಲಿಲ್ವಾ? ಬೆಟ್ಟಕ್ಕೆ ದೊಡ್ಡ ಟರ್ಬೊನೇ ಬೇಕು. ಕಬ್ಬಿಣದ ಲಾರೀನ ಹೂವಿನ ಹಾಗೆ ಎತ್ಕೊಂಡು ಹೋಯ್ತು.’

ಗಾಳಿಯಕ್ಕ ಕೈ ಒರೆಸಿಕೊಳ್ಳುತ್ತಾ ಬಂದು ಬೆಂಚಿನ ಮುಂದೆ ನಿಲ್ಲುತ್ತಾರೆ. ಭಾವ ಮಾತು ಮುಗಿಸುವವರೆಗೂ ಕಾಯುತ್ತಾರೆ. ದನಿ ಏರಿಸುವುದಿಲ್ಲ.

‘ಭಾವ, ಮುಂದಿನ ಸಲ ಯಾರಾದ್ರೂ ಕೇಳಿದ್ರೆ, ಅದರ ಜೊತೆ ಸಣ್ಣದೊಂದನ್ನ ಕೂರಿಸಿದ್ದು ನಾನು ಅಂತಾನೂ ಹೇಳಿ.’

ಭಾವ ಫೋನನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ಗಾಳಿಯಕ್ಕ ಉತ್ತರಕ್ಕಾಗಿ ಅಲ್ಲೇ ನಿಂತಿದ್ದಾರೆ.