ಜೇಬಿಗಿಳಿಸಿದ ಚೀಟಿ

ಭದ್ರಾವತಿಯ ಕಾರ್ಖಾನೆಯಲ್ಲಿ ಅವನು ಕ್ರೇನ್ ಓಡಿಸುತ್ತಿದ್ದ. ನಾನು ಹಾಜರಿ ಬರೆಯುವ ಗುಮಾಸ್ತ. ಜನ್ನಾಪುರದಲ್ಲಿ ನಮ್ಮಿಬ್ಬರ ಮನೆಗೂ ಒಂದೇ ಗೋಡೆ. ಪಾಳಿ ಮುಗಿಸಿ ಏಣಿ ಇಳಿದವನು ನೆಲವನ್ನು ಎರಡು ಸಲ ಕಾಲಿನಿಂದ ತಟ್ಟಿ ನೋಡಿಯೇ ಹೆಜ್ಜೆ ಇಡುತ್ತಿದ್ದ. "ಕೈಕಾಲು ಗಟ್ಟಿ ಇದೆ ಮಾರಾಯ, ಒಳಗೇ ಏನೋ ಜಾರ್ತಿದೆ" ಎನ್ನುತ್ತಿದ್ದ. ನಾವು ನಗುತ್ತಿದ್ದೆವು.

ಅವನನ್ನು ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ತೋರಿಸಬೇಕೆಂದು ಶಿವಮೊಗ್ಗದ ಡಾಕ್ಟರೊಬ್ಬರು ಚೀಟಿ ಬರೆದುಕೊಟ್ಟರು. ರಜೆಗಾಗಿ ಅವನು ಅದನ್ನು ನನ್ನ ಕೈಗಿಟ್ಟ.

"ಹುಚ್ಚಾಸ್ಪತ್ರೆ ಅಂತ ಕಾಗದದ ಮೇಲೆ ಬಿದ್ರೆ ನಿನ್ನ ತಂಗೀನ ಯಾರು ಮಾಡ್ಕೊಳ್ತಾರೋ? ಓವರ್‌ಟೈಮ್ ಹಾಕಿಸ್ತೀನಿ. ಕೈಯಲ್ಲಿ ನಾಲ್ಕು ಕಾಸು ಓಡಾಡಿದ್ರೆ ಎಲ್ಲ ಸರಿಹೋಗುತ್ತೆ" ಎಂದೆ.

ಚೀಟಿಯನ್ನು ಜೇಬಿಗಿಳಿಸಿದೆ. ಉಪಕಾರ ಮಾಡಿದೆನೆಂದು ಬೀಗಿದೆ.

ದುಡ್ಡು ಬಂತು. ತಂಗಿಯ ಮದುವೆಯಾಯಿತು, ಮನೆಗೆ ರೇಡಿಯೊ ಬಂತು. ಅದನ್ನು ಹಾಕದೆಯೇ ಅವನು ಅದರ ಮುಂದೆ ಕೂತಿರುತ್ತಿದ್ದ.

ಎರಡು ವರ್ಷವಾದ ಮೇಲೆ ಒಂದು ಮಧ್ಯಾಹ್ನ ಕ್ರೇನ್ ಹತ್ತಿದವನು ಇಳಿಯಲೊಪ್ಪಲಿಲ್ಲ. ನಾಲ್ಕು ಜನ ಹತ್ತಿ ಇಳಿಸಿದರು. ಕೈ ಕಟ್ಟಿ ನಾನೂ ಅವನ ಹೆಂಡತಿಯೂ ಬೆಂಗಳೂರಿಗೆ ಕರೆದೊಯ್ದೆವು.

"ಇಷ್ಟು ಬಲಿಯೋವರೆಗೂ ಏನ್ರೀ ಮಾಡ್ತಿದ್ರಿ?" ಎಂದು ಅಲ್ಲಿನ ಡಾಕ್ಟರು ಗದರಿದರು.

ಚೀಟಿಯ ವಿಷಯವೇ ತಿಳಿಯದ ಅವನ ಹೆಂಡತಿ ನನ್ನ ಮುಖ ನೋಡಿದಳು.

"ದುಡ್ಡಿರಲಿಲ್ಲ ಸಾರ್" ಎಂದೆ.

ಮೂರು ದಿನದಿಂದ ಬಾಯಿ ಬಿಡದಿದ್ದವನು ತಲೆಯೆತ್ತಿದ. ದನಿಯಲ್ಲಿ ಸಿಟ್ಟೇ ಇರಲಿಲ್ಲ.

"ದುಡ್ಡಿತ್ತಲ್ಲ ಮಾರಾಯ" ಎಂದ. "ಚೀಟೀನೂ ಇತ್ತು."