ಕಲ್ಲಕ್ಕನ ಕೆಂಪು ಚುಕ್ಕೆ

ಗಣಿಯ ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ಕರೆಯುವುದು ಕಲ್ಲಕ್ಕ ಎಂದೇ. ಡ್ರಿಲ್ಲಿಂಗ್ ಯಂತ್ರ ನೆಲದಾಳದಿಂದ ತೆಗೆದ ಕೋಲಿನಂಥ ಕಲ್ಲುಗಳನ್ನು ತೊಳೆದು, ಬಂದ ಕ್ರಮದಲ್ಲೇ ಪೆಟ್ಟಿಗೆಗೆ ಜೋಡಿಸುತ್ತ ಇಪ್ಪತ್ತಾರು ವರ್ಷ ಸವೆಸಿದವಳು. ಪ್ರತಿ ತುಂಡಿನಲ್ಲಿ ನೆಲದಾಳದ ಕಡೆಗಿದ್ದ ಕೆಳತುದಿಗೆ ಒಂದು ಕೆಂಪು ಚುಕ್ಕೆ ಇಡುವುದು, ಯಂತ್ರ ನಡೆಸುತ್ತಿದ್ದ ಅಪ್ಪ ಕಲಿಸಿದ ಅಭ್ಯಾಸ.

ಅಂದು ಹೊಸ ಭೂವಿಜ್ಞಾನಿ ಗೋಡೆಗೆ ನಕ್ಷೆ ಅಂಟಿಸಿ ಮ್ಯಾನೇಜರಿಗೆ ವಿವರಿಸುತ್ತಿದ್ದ.

"ಕಲ್ಲಾದ ಮರಳಿನ ದಪ್ಪ ಕಾಳು ತಳದಲ್ಲಿರ್ಬೇಕು, ಸಣ್ಣದು ಮೇಲೆ. ಈ ಪೆಟ್ಟಿಗೆಯ ಕಲ್ಲುಗಳಲ್ಲಿ ಉಲ್ಟಾ ಇದೆ ಸಾರ್. ಅಂದ್ರೆ ಬೆಟ್ಟದ ಪದರಗಳೇ ಮಡಚಿಕೊಂಡು ತಲೆಕೆಳಗಾಗಿವೆ. ಈ ಕಡೆ ಅದಿರು ಸಿಗಲ್ಲ."

"ಸ್ವಲ್ಪ ತಡೀರಿ," ಎಂದಳು ಕಲ್ಲಕ್ಕ.

"ನೀವು ಕಲ್ಲು ತೊಳೀರಮ್ಮ, ಓದೋದು ನಂಗೆ ಬಿಡಿ."

ಅವಳಿಗೆ ಮೈಯೆಲ್ಲ ಉರಿಯಿತು. ಬಕೆಟ್ ಎತ್ತಿ ಪೆಟ್ಟಿಗೆಯ ಮೇಲೆ ನೀರು ಸುರಿದಳು. ಧೂಳು ಹರಿದುಹೋಗಿ ಚುಕ್ಕೆಗಳು ಎದ್ದು ಕಂಡವು. ಕೆಳಗಿರಬೇಕಾದವೆಲ್ಲ ಪ್ರತಿ ತುಂಡಿನ ಮೇಲ್ತುದಿಯಲ್ಲಿದ್ದವು.

"ಹೋದ ವಾರ ಫೋಟೋ ತೆಗೆಯೋಕೆ ಇವನ್ನೆಲ್ಲ ಹೊರಗೆ ತೆಗೆದು, ನನ್ನ ಕೇಳದೆ ವಾಪಸ್ ಜೋಡಿಸಿದ್ದು ನೀವೇ ತಾನೆ? ಬೆಟ್ಟ ತಲೆಕೆಳಗಾಗಿಲ್ಲ ಸಾರ್, ತಲೆಕೆಳಗಾಗಿರೋದು ನೀವು ಜೋಡಿಸಿದ ಕಲ್ಲುಗಳು. ಮೊದ್ಲು ಆ ನಕ್ಷೆ ಕೀಳಿ. ಆಮೇಲೆ ಬನ್ನಿ, ನಂಗೆ ಓದೋದು ಹೇಳ್ಕೊಡಿ."