ಸೊನ್ನೆಯ ಬಳಿ ನಿಲ್ಲದ ಸ್ಕ್ರಿಪ್ಟ್

ಈ ಬುದ್ಧಿ ನನಗೆ ಪುಕ್ಕಟೆ ಬಂದದ್ದಲ್ಲ. ಇದರ ಬೆಲೆ ಒಂದು ಮೆಣಸಿನಕಾಯಿ ತಳಿ. ಅರ್ಧ ದಿನ ಉಳಿಸಲು ಹೋಗಿ ಅದನ್ನು ತೆತ್ತೆ. ಇವತ್ತು ಬೆಳಿಗ್ಗೆ ಹಾವೇರಿಯ ಗೆಳೆಯರೊಬ್ಬರು ಫೋನ್ ಮಾಡಿ, "ನಿಮ್ಮಲ್ಲಿ ಐತಲ್ಲ, ಆ ಲೆಕ್ಕದ ಸ್ಕ್ರಿಪ್ಟ್ ನಾವೂ ಬರಸಬೇಕಂತೀವ್ರಿ" ಅಂದರು. ಉತ್ತರ ಕೊಡುವ ಮೊದಲು ಅಗಡಿಯ ರೈತ ಫಕ್ಕೀರಪ್ಪ ಕಾಕಾ ಕಣ್ಣ ಮುಂದೆ ಬಂದರು.

ಸೈಕಲ್ ಮೇಲೆ ಬೀಜ ಮಾರಿ ರಾಣೆಬೆನ್ನೂರಿನಲ್ಲಿ ಸಣ್ಣ ಕಂಪನಿ ಕಟ್ಟಿದವನು ನಾನು. ಚೌಕಾಸಿ ಮಾಡದೆ ನೀರನ್ನೂ ಕುಡಿಯದ ಜಾತಿ. ಪ್ರಯೋಗದ ಹೊಲಗಳ ಬೆಳೆಯ ತೂಕವನ್ನು ನಮ್ಮ ಕಚೇರಿಯ ಶೈಲಾ ಮೊದಲು ಕೈಯಾರೆ ಕೂಡಿಸಿ, ಆರ್ ಎಂಬ ಅಂಕಿಅಂಶದ ಸಾಫ್ಟ್‌ವೇರ್‌ಗೆ ಒಂದೊಂದೇ ಕಮಾಂಡ್ ಕೊಡುತ್ತಿದ್ದಳು. ಆಮೇಲೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಸ್ಕ್ರಿಪ್ಟ್ ಬರೆದಳು. ಆ ಕಮಾಂಡುಗಳನ್ನೆಲ್ಲ ಅದೇ ಸಾಲಾಗಿ ಕೊಡುತ್ತಿತ್ತು. ತೂಕದ ಜಾಗದಲ್ಲಿ ಸೊನ್ನೆ ಕಂಡಲ್ಲಿ ಮಾತ್ರ ನಿಂತು ಕಾರಣ ಕೇಳುತ್ತಿತ್ತು.

"ಆ ಕೇಳೂದನ್ನ ತಗದ್ಬಿಡವಾ, ಲಗೂ ಮುಗೀಲಿ," ಅಂದೆ.

"ಅಣ್ಣಾರ, ಕೇಳೂದು ಬಿಟ್ರ ಅದು ಸೊನ್ನಿ ಅಂದ್ರ ಬೆಳೀಲೇ ಇಲ್ಲ ಅಂತ ತಿಳಕೊಂತೈತ್ರಿ."

"ತಿಳಕೊಳ್ಳಲಿ ಬಿಡು, ಅರ್ಧ ದಿನ ಉಳೀತೈತಿ." ಶೈಲಾ ಆ ಪ್ರಶ್ನೆ ತೆಗೆದಳು.

ನಾನು ತೆತ್ತ ಆ ಮೆಣಸಿನಕಾಯಿ, ಕಾಕಾ ವರ್ಷಗಟ್ಟಲೆ ಗಿಡ ಆರಿಸಿ ಆರಿಸಿ ಉಳಿಸಿಕೊಂಡ ತಳಿ. ಅವರ ಹೊಲದಲ್ಲೇ ನಮ್ಮ ತಳಿಗಳ ಪಕ್ಕ ಹಾಕಿದ್ದೆವು. ಸ್ಕ್ರಿಪ್ಟ್ ಅದನ್ನು ಕೊನೆಗೆ ತಳ್ಳಿತು. ನಾನು ಕಾಕಾಗೆ ಫಲಿತಾಂಶದ ಕಾಗದ ತೋರಿಸಿದೆ.

"ಕಂಪ್ಯೂಟರ್ ಅಂದಮ್ಯಾಲ ಮುಗೀತು ಬಿಡ್ರಿ ಸಾವ್ಕಾರ್ರ," ಎಂದು ಎದ್ದು ಹೋದರು.

ಮರುವರ್ಷ ಬೇರೆ ಕೆಲಸಕ್ಕೆ ಅವರ ಹೊಲಕ್ಕೆ ಹೋದವನು, ಮಾತಿಗೆ ಮಾತು ಬಂದು ಕೇಳಿದೆ: "ನಿಮ್ಮ ತಳೀದು ಮೊದಲ ಕೊಯ್ಲಿಗೆ ಸೊನ್ನಿ ಯಾಕ ಬರಸಿದ್ರಿ ಕಾಕಾ?"

"ಮನೀ ಬೀಜದ ಮೊದಲನೇ ಕಾಯಿ ತಕ್ಕಡಿಗೆ ಹಾಕೂದಿಲ್ರಿ. ಬಿಡಸಾಕ ಬಂದ ಹೆಣ್ಮಕ್ಕಳ ಉಡಿಗೆ ಹಾಕ್ತೇವಿ. ತೂಗಲಿಲ್ಲ, ಸೊನ್ನಿ ಬರಸಿದೆ. ಸುಳ್ಳು ಹೆಂಗ ಬರಸ್ಲಿ?"

"ಮತ್ತ ನಮ್ಮ ತಳೀದು ತೂಗಿದ್ರಲ್ಲ?"

"ನಿಮ್ಮ ಕಾಯಿ ದಾನ ಮಾಡಾಕ ನಾ ಯಾರ್ರಿ?"

ಎಲ್ಲ ತಳಿಗಳದೂ ಮೊದಲ ಕೊಯ್ಲು ಬಿಟ್ಟು ಶೈಲಾ ಮತ್ತೆ ಲೆಕ್ಕ ಓಡಿಸಿದಳು. ಕಾಕಾನ ತಳಿ ಮೇಲೆ ಬಂದು ನಿಂತಿತು. ಆ ಸಂಜೆಯೇ ಅಗಡಿಗೆ ಓಡಿದೆ. ನಮ್ಮಲ್ಲಿದ್ದ ಅವರ ಬೀಜದ ಪೊಟ್ಟಣ ಪ್ರಯೋಗದ ಬಿತ್ತನೆಗೇ ಖಾಲಿಯಾಗಿತ್ತು.

"ಬೀಜಕ್ಕಂತ ನಾಕು ಕಾಯಿನೂ ಉಳದಿಲ್ಲೇನು ಕಾಕಾ?"

"ಕಡೀ ನಂಬರ್ ಅಂದ್ರಿ. ಎಲ್ಲಾ ಬ್ಯಾಡಗಿ ಪ್ಯಾಟಿಗೆ ಹಾಕಿದೆ. ಯಾರ ಮನೀ ಸಾರಿನ್ಯಾಗ ಕುದ್ದೈತೋ." ಬೈದಿದ್ದರೆ ಚೆನ್ನಾಗಿತ್ತು. ಚಹಾ ಕೊಟ್ಟು ಕಳಿಸಿದರು.

ಹಾವೇರಿಯವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಸ್ಕ್ರಿಪ್ಟ್ ಬರೆಸಿ, ದರದಲ್ಲಿ ಬೇಕಾದಷ್ಟು ಎಳೆದಾಡಿ. ಆದರೆ ಅದು ನಿಂತು ಕೇಳುವ ಪ್ರಶ್ನೆಯಲ್ಲಿ ಚೌಕಾಸಿ ಬೇಡ. ತೂಗದೆ ಬಿಟ್ಟದ್ದಕ್ಕೂ ಬೆಳೆಯದೆ ಹೋದದ್ದಕ್ಕೂ ಬೇರೆ ಬೇರೆ ಗುರುತು ಇಡಿಸಿ. ತಿಳಿಯದಿದ್ದರೆ ಬಸ್ ಹತ್ತಿ ಹೊಲಕ್ಕೆ ಹೋಗಿ, ಬೆಳೆದವರ ಎದುರು ಕೂತು ಕೇಳಿ. ಅವರ ಮಾತು ಮುಗಿಯುವ ತನಕ ಎಂಟರ್ ಒತ್ತಬೇಡಿ.